ಇಸಿಜಿಯಲ್ಲಿ ‘ಬ್ಲಾಕ್’ ಅಂತ ಬಂದರೆ ಸ್ಟೆಂಟ್ ಬೇಕಾ?

ಪ್ರಶ್ನೆ: 68 ವರ್ಷದವರ ಇಸಿಜಿ ವರದಿಯಲ್ಲಿ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್, ಪಿಆರ್ 240 ಮಿಲಿಸೆಕೆಂಡ್’ ಎಂದಿದೆ. ತೊಂದರೆ ಏನೂ ಇಲ್ಲ. ಬಿಪಿಗೆ ಮೆಟೊಪ್ರೊಲಾಲ್ ತಗೊಳ್ತಾರೆ. ರಕ್ತನಾಳ ಕಟ್ಟಿಕೊಂಡಿದೆ ಅಂತಲಾ?

ಉತ್ತರ (ಹೃದ್ರೋಗ ತಜ್ಞರು): ಅಲ್ಲ. ಇದು ಹೃದಯದೊಳಗಿನ ವಿದ್ಯುತ್ ದಾರಿಯ ಮಾತು, ಸ್ಟೆಂಟ್‌ನಿಂದ ಸರಿಹೋಗುವಂಥದ್ದಲ್ಲ. ‘ಬ್ಲಾಕ್’ ಎಂಬ ಒಂದೇ ಪದ ಎಷ್ಟೋ ಮನೆಗಳ ನಿದ್ದೆ ಕೆಡಿಸುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಲ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆ) ಮೇಲಿನ ಮಹಾಸಿರೆ ಬಂದು ಸೇರುವ ಕಡೆ ಎಸ್‌ಎ ನೋಡ್ ಇದೆ, ಮಿಡಿತ ಹುಟ್ಟುವ ಜಾಗ. ಅದರ ಜೀವಕೋಶಗಳೊಳಗೆ ಮೊದಲು ಸೋಡಿಯಂ, ಆಮೇಲೆ ಕ್ಯಾಲ್ಸಿಯಂ ಸೋರುತ್ತಾ ಬಂದು, ಒಂದು ಮಟ್ಟ ಮುಟ್ಟಿದೊಡನೆ ತಾವಾಗಿಯೇ ಮಿಡಿಯುತ್ತವೆ. ನರಗಳ ಹಿಡಿತವೇ ಇಲ್ಲದಿದ್ದರೆ ನಿಮಿಷಕ್ಕೆ ಸುಮಾರು 100 ಸಲ. ವಿಶ್ರಾಂತಿಯಲ್ಲಿ ವೇಗಸ್ ನರ ಅದನ್ನು 70ರ ಆಸುಪಾಸಿಗೆ ಇಳಿಸಿಟ್ಟಿರುತ್ತದೆ. ಮಿಡಿತ ಹೃತ್ಕರ್ಣಗಳ ತುಂಬ ಹರಡುತ್ತದೆ, ಆದರೆ ಕೆಳಗಿನ ಹೃತ್ಕುಕ್ಷಿಗಳಿಗೆ ಸೀದಾ ಇಳಿಯಲಾರದು. ನಡುವಿನ ನಾರಿನ ಪದರ ವಿದ್ಯುತ್ ಹಾಯಿಸುವುದಿಲ್ಲ. ಸಾಮಾನ್ಯವಾಗಿ ಇರುವುದು ಒಂದೇ ಬಾಗಿಲು, ಎವಿ ನೋಡ್. ಅಲ್ಲಿ ವೇಗ ಸೆಕೆಂಡಿಗೆ ಬರೀ 5 ಸೆಂಟಿಮೀಟರ್‌ನಷ್ಟು. ಅಲ್ಲಿಂದ ಕೆಳಗೆ ವಿದ್ಯುತ್ ಒಯ್ಯುವ ಹಿಸ್ ಕಟ್ಟು, ಅದರ ಕವಲುಗಳನ್ನು ಹಾದು ಹೃತ್ಕುಕ್ಷಿಗಳಲ್ಲಿ ಹರಡಿರುವ ಪರ್ಕಿಂಜೆ ನಾರುಗಳನ್ನು ಹೊಕ್ಕರೆ ಸೆಕೆಂಡಿಗೆ 2ರಿಂದ 4 ಮೀಟರ್! ಬಾಗಿಲಲ್ಲಿ ತಡೆದು ನಿಲ್ಲಿಸುವ ಸುಮಾರು 0.1 ಸೆಕೆಂಡಿನಲ್ಲೇ ಹೃತ್ಕರ್ಣ ತನ್ನ ರಕ್ತವನ್ನು ಕೆಳಗೆ ಸುರಿದು ಮುಗಿಸುವುದು. ಆ ತಡ ನಮಗೆ ಬೇಕೇಬೇಕು.

ನಿಮ್ಮ ವರದಿಯಲ್ಲಿ ಆ ತಡ ತುಸು ಜಾಸ್ತಿಯಾಗಿದೆ, ಅಷ್ಟೆ. ಪ್ರತಿ ಮಿಡಿತವೂ ಕೆಳಗೆ ತಲುಪುತ್ತಿದೆ. ಮೆಟೊಪ್ರೊಲಾಲ್ ಕೂಡ ಎವಿ ನೋಡ್‌ನ ವೇಗ ತಗ್ಗಿಸುತ್ತದೆ. ಹಾಗಂತ ಮಾತ್ರೆಯನ್ನು ನೀವೇ ದಿಢೀರನೆ ಬಿಡಿಸಬೇಡಿ, ಬಿಪಿ, ನಾಡಿ ಎರಡೂ ಏರಿಬಿಡಬಹುದು. ವೈದ್ಯರಿಗೆ ವರದಿ ತೋರಿಸಿ.

ಇಸಿಜಿ ತಂತ್ರಜ್ಞರು: ಕಾಗದದಲ್ಲಿ ನೀವೇ ಎಣಿಸಬಹುದು. ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಇದ್ದರೆ ಒಂದು ಚಿಕ್ಕ ಚೌಕ 0.04 ಸೆಕೆಂಡ್. ಪಿ ಅಲೆಯ (ಹೃತ್ಕರ್ಣದ ಗುರುತು) ಶುರುವಿನಿಂದ ಕ್ಯೂಆರ್‌ಎಸ್ (ಹೃತ್ಕುಕ್ಷಿಯ ಗುರುತು) ಶುರುವಿನವರೆಗಿನ ಅಂತರವೇ ಪಿಆರ್, 3ರಿಂದ 5 ಚೌಕ ಸಹಜ. ಇವರದ್ದು 6.

ಪ್ರಶ್ನೆ: ಹಾಗಾದರೆ ಯಾವಾಗ ಹೆದರಬೇಕು?

ಉತ್ತರ (ಹೃದ್ರೋಗ ತಜ್ಞರು): ಮಿಡಿತ ತಪ್ಪತೊಡಗಿದಾಗ. ಪಿಆರ್ ಉದ್ದವಾಗುತ್ತಾ ಹೋಗಿ ಒಂದು ಮಿಡಿತ ಬಿಟ್ಟರೆ ವೆಂಕೆಬಾಖ್, ಬಹುಪಾಲು ನಿರಪಾಯ. ಗಾಢ ನಿದ್ದೆಯಲ್ಲೂ ಕಾಣುತ್ತದೆ. ಪಿಆರ್ ಒಂದೇ ಸಮನಿದ್ದು ಇದ್ದಕ್ಕಿದ್ದಂತೆ ಬಿಟ್ಟರೆ ಮೊಬಿಟ್ಸ್ 2. ಅಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ನೋಡ್‌ಗಿಂತ ಕೆಳಗಿನ ದಾರಿ, ಮುನ್ಸೂಚನೆಯಿಲ್ಲದೆ ಪೂರ್ತಿ ಕಡಿದುಹೋಗಬಹುದು. ಪೂರ್ತಿ ಕಡಿದರೆ ಎವಿ ನೋಡ್ ಬಳಿಯ ಕೋಶಗಳು ನಿಮಿಷಕ್ಕೆ 40ರಿಂದ 60, ಅವೂ ಕೈಕೊಟ್ಟರೆ ಹೃತ್ಕುಕ್ಷಿ 20ರಿಂದ 40ರ ವೇಗದಲ್ಲಿ ತಾನೇ ಮಿಡಿದು ಜೀವ ಹಿಡಿದಿಡುತ್ತದೆ. ಆದರೆ ಅದನ್ನು ನಂಬಿ ಕೂರುವಂತಿಲ್ಲ. ಔಷಧಿ, ಪೊಟ್ಯಾಸಿಯಂ ಏರಿಕೆ, ಹೃದಯಾಘಾತದಂಥ ಸರಿಪಡಿಸಬಹುದಾದ ಕಾರಣ ಸಿಗದಿದ್ದರೆ ಪೇಸ್‌ಮೇಕರ್ ಹಾಕಲೇಬೇಕು.

ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು, ಏದುಸಿರು, ಎಚ್ಚರವಿದ್ದಾಗಲೂ ನಾಡಿ 40ಕ್ಕಿಂತ ಕೆಳಗೆ ಇಳಿದು ಸುಸ್ತು: ಇವುಗಳಲ್ಲಿ ಯಾವುದೇ ಬಂದರೂ ಅಂದೇ ಆಸ್ಪತ್ರೆಗೆ ಹೋಗಿ. ಹಳೆಯ ಇಸಿಜಿಯನ್ನೂ ಜೊತೆಗೆ ಒಯ್ಯಿರಿ.