ಪದಚರ್ಚೆ: ವಿಕ್ಟೋರಿಯಾ ಕಾಲದ ‘ಸೆಕೆಂಡರಿ ಸ್ಕೂಲ್’ಅನ್ನು ಪ್ರೌಢಶಾಲೆ ಎನ್ನಬಹುದೇ?

ಬಳಗದ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳ ಪಠ್ಯಕ್ರಮ ಮತ್ತು ಆಡಳಿತವನ್ನು ಕುರಿತ ಕೆಲವು ಲೇಖನಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೀರ ಪರಿಚಿತವೆನಿಸುವ ಪದಗಳೇ ಈ ಕೆಲಸದಲ್ಲಿ ಹೆಚ್ಚು ತೊಡಕು ಕೊಡುತ್ತಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಚರ್ಚೆಗೆ ಇಡುತ್ತೇನೆ.

ಮೊದಲಿಗೆ ‘ಸೆಕೆಂಡರಿ’. ನಾವು ‘ಪ್ರೌಢಶಾಲೆ’ ಎಂದೊಡನೆ, ಪ್ರಾಥಮಿಕ ಶಾಲೆ ಮುಗಿಸಿ ಎಂಟನೆಯ ತರಗತಿಗೆ ಸೇರಿ ಎಸ್ಸೆಸ್ಸೆಲ್ಸಿಗೆ ಕೂರುವ ಮಕ್ಕಳು ಓದುಗರ ಕಣ್ಣಮುಂದೆ ಬರುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗೆ, ಇಂಗ್ಲೆಂಡಿನಲ್ಲಿ ಈ ಕ್ರಮ ಇರಲಿಲ್ಲ. ಅಲ್ಲಿ ‘ಎಲಿಮೆಂಟರಿ’ ಶಾಲೆ ದುಡಿಯುವ ವರ್ಗದ ಮಕ್ಕಳಿಗೆ ಮೀಸಲಾಗಿದ್ದರೆ ‘ಸೆಕೆಂಡರಿ’ ಶಾಲೆ ಮಧ್ಯಮ ಮತ್ತು ಮೇಲುವರ್ಗದವರ ಮಕ್ಕಳದಾಗಿತ್ತು. ಎಂಟೊಂಬತ್ತು ವರ್ಷದ ಹುಡುಗರೂ ನೇರವಾಗಿ ಅದಕ್ಕೆ ಸೇರುತ್ತಿದ್ದರು. ಒಂದೇ ಮನೆಗೆ ಆಳುಗಳಿಗೊಂದು, ಒಡೆಯರಿಗೊಂದು ಮೆಟ್ಟಿಲು ಕಟ್ಟಿಸಿದಂತೆ ಇವೆರಡೂ ಅಕ್ಕಪಕ್ಕದಲ್ಲಿ ನಡೆದವು. ಒಂದರಿಂದ ಇನ್ನೊಂದಕ್ಕೆ ದಾಟಿದ ಬಡ ಹುಡುಗರು ಇಲ್ಲವೇ ಇಲ್ಲವೆಂದಲ್ಲ, ಆದರೆ ವಿದ್ಯಾರ್ಥಿವೇತನ ಪಡೆದ ಅಂಥವರು ವಿರಳ. ‘ಪ್ರೌಢ’ ಎಂಬ ಪದ ವಯಸ್ಸಿನ ಮತ್ತು ಹಂತದ ಸೂಚನೆಯನ್ನು ಹೊತ್ತು ತರುವುದರಿಂದ ವರ್ಗದ ಈ ಭೇದ ಕನ್ನಡದಲ್ಲಿ ಅಳಿಸಿಹೋಗುತ್ತದೆ. ‘ಮಾಧ್ಯಮಿಕ’ ಎನ್ನೋಣವೆಂದರೆ ಹಳೆಯ ಮೈಸೂರಿನ ಓದುಗರಿಗೆ ಅದು ಮಿಡ್ಲ್ ಸ್ಕೂಲು. ಸದ್ಯಕ್ಕೆ ನಾನು ‘ಸೆಕೆಂಡರಿ ಶಾಲೆ’ ಎಂದೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ಒಂದು ವಾಕ್ಯದ ವಿವರಣೆ ಕೊಡುತ್ತಿದ್ದೇನೆ.

‘ಹೈಸ್ಕೂಲು’ ಎಂದು ಬರೆದು ಪಾರಾಗೋಣವೆಂದರೆ ಅದಕ್ಕೂ ಅಡ್ಡಿಯಿದೆ. 1872ರಲ್ಲಿ ಸ್ಥಾಪನೆಯಾದ ಗರ್ಲ್ಸ್ ಪಬ್ಲಿಕ್ ಡೇ ಸ್ಕೂಲ್ ಕಂಪನಿಯು ತಾನು ತೆರೆದ ಶಾಲೆಗಳನ್ನು ಹೈಸ್ಕೂಲು ಎಂದು ಕರೆದುದರಿಂದ, ಆ ಕಾಲದ ಇಂಗ್ಲೆಂಡಿನಲ್ಲಿ ಈ ಹೆಸರು ಬಹುಮಟ್ಟಿಗೆ ಹೆಣ್ಣುಮಕ್ಕಳ ಶಾಲೆಯನ್ನೇ ನೆನಪಿಗೆ ತರುತ್ತಿತ್ತು.

ಟಾಂಟನ್ ಆಯೋಗದ ‘ಗ್ರೇಡ್’ಗೆ ಯಾವ ಪದ ಬಳಸಬೇಕೆಂಬುದೂ ಇದಕ್ಕೆ ಸೇರಿದ ಪ್ರಶ್ನೆಯೇ. 1864ರಲ್ಲಿ ನೇಮಕಗೊಂಡು 1868ರಲ್ಲಿ ವರದಿ ಒಪ್ಪಿಸಿದ ಈ ಆಯೋಗವು ಸೆಕೆಂಡರಿ ಶಾಲೆಗಳನ್ನು ಮೂರು ಗ್ರೇಡುಗಳಾಗಿ ವಿಂಗಡಿಸಬೇಕೆಂದಿತು: ಹದಿನೆಂಟು ಹತ್ತೊಂಬತ್ತರ ತನಕ ಓದಿ ವಿಶ್ವವಿದ್ಯಾಲಯ ಸೇರುವವರಿಗೆ ಒಂದು, ಹದಿನಾರಕ್ಕೆ ಓದು ಬಿಟ್ಟು ವ್ಯಾಪಾರ ಅಥವಾ ಕೆಲವು ವೃತ್ತಿಗಳಿಗೆ ಹೋಗುವವರಿಗೆ ಇನ್ನೊಂದು, ಹದಿನಾಲ್ಕಕ್ಕೆ ಬಿಡುವ ಸಣ್ಣ ಗೇಣಿದಾರರ, ಚಿಲ್ಲರೆ ವ್ಯಾಪಾರಿಗಳ, ಮೇಲುಮಟ್ಟದ ಕುಶಲಕರ್ಮಿಗಳ ಮಕ್ಕಳಿಗೆ ಮೂರನೆಯದು. ಪಠ್ಯವೂ ಇದಕ್ಕೆ ತಕ್ಕಂತೆ ಬೇರೆಯಾಗಬೇಕಿತ್ತು. ಗ್ರೀಕ್ ಭಾಷೆ ಮೊದಲನೆಯ ಗ್ರೇಡಿನದು; ಎರಡನೆಯದರಲ್ಲಿ ಲ್ಯಾಟಿನ್ ಉಂಟು, ಗ್ರೀಕ್ ಇಲ್ಲ; ಮೂರನೆಯದರಲ್ಲಿ ಲ್ಯಾಟಿನ್ ಅಥವಾ ಒಂದು ಆಧುನಿಕ ಭಾಷೆಯ ಆರಂಭಿಕ ಪಾಠ ಸಾಕು. ಇಲ್ಲಿ ‘ಹಂತ’ ಎಂದರೆ ಮೂರನೆಯದನ್ನು ಮುಗಿಸಿದವನು ಎರಡನೆಯದಕ್ಕೆ ಏರುತ್ತಾನೆಂಬ ತಪ್ಪು ಅರ್ಥ ಬರುತ್ತದೆ, ‘ಶ್ರೇಣಿ’ ಎಂದರೆ ಪರೀಕ್ಷೆಯ ಫಲಿತಾಂಶದಂತೆ ಕೇಳಿಸುತ್ತದೆ. ಆದ್ದರಿಂದ ನನ್ನ ಒಲವು ‘ದರ್ಜೆ’ಯ ಕಡೆಗಿದೆ. ಮೂರನೆಯ ದರ್ಜೆ ಎನ್ನುವಾಗ ಸ್ವಲ್ಪ ಕೀಳರಿಮೆಯ ಛಾಯೆ ಬರುತ್ತದೆಂಬ ಆಕ್ಷೇಪ ಬರಬಹುದು. ಆ ಛಾಯೆ ಮೂಲದಲ್ಲೂ ಇದೆ, ಅದನ್ನು ತೊಳೆದು ಶುಭ್ರಗೊಳಿಸುವುದು ಅನುವಾದಕರ ಕೆಲಸವಲ್ಲವೆಂದೇ ನನಗನ್ನಿಸುತ್ತದೆ.

‘ಗ್ರಾಮರ್ ಸ್ಕೂಲ್’ಗೆ ಕೆಲವರು ‘ವ್ಯಾಕರಣ ಶಾಲೆ’ ಎಂದು ಬರೆದಿರುವುದನ್ನು ನೋಡಿ ಮೊದಲು ನಕ್ಕಿದ್ದೆ. ಆದರೆ 1805ರಲ್ಲಿ ಲೀಡ್ಸ್ ನಗರದ ಗ್ರಾಮರ್ ಶಾಲೆಯ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಎಲ್ಡನ್ ಹಿಡಿದ ಅರ್ಥವೂ ಇದಕ್ಕೆ ಹತ್ತಿರದ್ದೇ. ಫ್ರೆಂಚ್, ಜರ್ಮನ್ ಮುಂತಾದ ವಿಷಯಗಳನ್ನು ಕಲಿಸಲು ಅನುಮತಿ ಬೇಕೆಂಬ ಪ್ರಶ್ನೆ ನ್ಯಾಯಾಲಯಕ್ಕೆ ಬಂದಾಗ ಅವರು ಡಾ. ಜಾನ್ಸನ್ನರ ನಿಘಂಟನ್ನು ಆಧಾರವಾಗಿಟ್ಟುಕೊಂಡು, ಪ್ರಾಚೀನ ವಿದ್ವದ್‌ಭಾಷೆಗಳನ್ನು ವ್ಯಾಕರಣಬದ್ಧವಾಗಿ ಕಲಿಸುವುದೇ ಗ್ರಾಮರ್ ಶಾಲೆಯ ಲಕ್ಷಣವೆಂದೂ, ಆ ಉದ್ದೇಶಕ್ಕೆ ಬಿಟ್ಟ ದತ್ತಿಯ ಹಣವನ್ನು ಬೇರೆ ಬಗೆಯ ಶಾಲೆ ನಡೆಸಲು ತಿರುಗಿಸಲಾಗದೆಂದೂ ಹೇಳಿದರು. ಪಠ್ಯಕ್ರಮವನ್ನು ಸಡಿಲಿಸಲು ಅವಕಾಶ ಕೊಡುವ ಕಾಯಿದೆ ಬಂದದ್ದು 1840ರಲ್ಲಿ. ನಿಘಂಟಿನ ಒಂದು ವಾಕ್ಯ ಇಷ್ಟು ವರ್ಷ ಶಾಲೆಗಳ ಕೈ ಕಟ್ಟಿಹಾಕಿದ ಉದಾಹರಣೆ ನಮ್ಮಂಥ ಬಳಗಕ್ಕೆ ಒಂದು ಬಗೆಯ ಎಚ್ಚರಿಕೆಯೂ ಹೌದು! ಹೀಗಿದ್ದರೂ ‘ವ್ಯಾಕರಣ ಶಾಲೆ’ ನನಗೆ ಒಪ್ಪಿಗೆಯಿಲ್ಲ. ಟಾಂಟನ್ ಆಯೋಗ ಪರಿಶೀಲಿಸುವ ಹೊತ್ತಿಗೆ ಈ ಹೆಸರಿನ ಎಷ್ಟೋ ಶಾಲೆಗಳಲ್ಲಿ ಲ್ಯಾಟಿನ್ನೂ ಇರಲಿಲ್ಲ, ಗ್ರೀಕೂ ಇರಲಿಲ್ಲ.

‘ಪಬ್ಲಿಕ್ ಸ್ಕೂಲ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1861ರಲ್ಲಿ ನೇಮಕವಾದ ಕ್ಲಾರೆಂಡನ್ ಆಯೋಗ ಪರಿಶೀಲಿಸಿದ ಈಟನ್, ವಿಂಚೆಸ್ಟರ್, ಹ್ಯಾರೋ, ರಗ್ಬಿ ಮೊದಲಾದ ಒಂಬತ್ತು ಶಾಲೆಗಳು ಉಳ್ಳವರ ಮಕ್ಕಳು ಶುಲ್ಕ ತೆತ್ತು ಓದುವ ಖಾಸಗಿ ಶಾಲೆಗಳು; ಅವನ್ನು ‘ಸಾರ್ವಜನಿಕ ಶಾಲೆ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ಸರ್ಕಾರವೇ ನಡೆಸುವ ‘ಕರ್ನಾಟಕ ಪಬ್ಲಿಕ್ ಶಾಲೆ’ಗಳು ಬಂದ ಮೇಲಂತೂ ಲಿಪ್ಯಂತರವೂ ಪೂರ್ತಿ ಸುರಕ್ಷಿತವಲ್ಲ.

ಆಡಳಿತದ ಪದಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ಸ್ಕೀಮ್’. 1869ರ ಎಂಡೋಡ್ ಸ್ಕೂಲ್ಸ್ ಕಾಯಿದೆಯ ಪ್ರಕಾರ ನೇಮಕಗೊಂಡ ಆಯುಕ್ತರು ದತ್ತಿಶಾಲೆಗಳಿಗೆ ಹೊಸ ‘ಸ್ಕೀಮ್’ಗಳನ್ನು ರಚಿಸಿದರು, 1874ರಲ್ಲಿ ಆ ಅಧಿಕಾರ ದತ್ತಿಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್ನಿಗೆ ಹೋಯಿತು. ದಾನಿಯ ಹಳೆಯ ಶಾಸನದ ಜಾಗದಲ್ಲಿ ನಿಂತು, ಆಡಳಿತ ಮಂಡಳಿಯಲ್ಲಿ ಯಾರಿರಬೇಕು, ಶುಲ್ಕವೆಷ್ಟು, ಏನನ್ನು ಕಲಿಸಬೇಕು, ಮುಖ್ಯೋಪಾಧ್ಯಾಯರ ಅಧಿಕಾರ ಎಲ್ಲಿಯವರೆಗೆ ಎಂಬುದನ್ನೆಲ್ಲ ಕಟ್ಟುವ ಕಾನೂನುಬದ್ಧ ದಸ್ತಾವೇಜು ಇದು. ಹಳೆಯ ವ್ಯವಸ್ಥೆಯಲ್ಲಿ ಎಷ್ಟೋ ಕಡೆ ಮೇಷ್ಟರ ಹುದ್ದೆ ಆಜೀವ ಸ್ವತ್ತಿನಂತಿದ್ದು, ಶಾಲೆಯಲ್ಲಿ ಮಕ್ಕಳಿಲ್ಲದಿದ್ದರೂ ಅವರನ್ನು ಕದಲಿಸಲಾಗುತ್ತಿರಲಿಲ್ಲ. ಮುಖ್ಯೋಪಾಧ್ಯಾಯರನ್ನು ಆಡಳಿತ ಮಂಡಳಿಯೂ, ಸಹಾಯಕರನ್ನು ಮುಖ್ಯೋಪಾಧ್ಯಾಯರೂ ತೆಗೆಯಬಹುದೆಂಬ ವ್ಯವಸ್ಥೆ ನೆಲೆಗೊಂಡದ್ದು ಈ ಹೊಸ ಕಟ್ಟಳೆಗಳಿಂದ. ಇದನ್ನು ‘ಯೋಜನೆ’ ಎಂದರೆ ಓದುಗರು ಮಧ್ಯಾಹ್ನದ ಬಿಸಿಯೂಟದಂಥದ್ದನ್ನು ಊಹಿಸಿಕೊಳ್ಳುತ್ತಾರೆ. ದೇವಸ್ಥಾನ ಮತ್ತು ಧರ್ಮದತ್ತಿಗಳ ಆಡಳಿತಕ್ಕೆ ನ್ಯಾಯಾಲಯ ‘ಸ್ಕೀಮು’ ಮಾಡಿಕೊಡುವುದು ನಮ್ಮ ವಕೀಲರಿಗೆ ಪರಿಚಿತವಾದದ್ದೇ. ಆ ಬಳಕೆ ಇಂಗ್ಲೆಂಡಿನ ದತ್ತಿ ಕಾನೂನಿನ ಪರಂಪರೆಯಿಂದಲೇ ಬಂದದ್ದು. ‘ಆಡಳಿತ ಕಟ್ಟಳೆ’ ಎಂದು ಬರೆದು ನೋಡಿದ್ದೇನೆ. ಮುಜರಾಯಿ ವ್ಯವಹಾರ ಬಲ್ಲವರು ಇನ್ನೂ ಒಪ್ಪುವ ಪದವಿದ್ದರೆ ತಿಳಿಸಬೇಕು. ಅದೇ ರೀತಿ ‘ಗವರ್ನರ್ಸ್’ಗೆ, ಎಂದರೆ ಶಾಲೆಯ ಆಡಳಿತ ಮಂಡಳಿಯ ಸದಸ್ಯರಿಗೆ, ಮೈಸೂರಿನ ‘ಧರ್ಮದರ್ಶಿ’ಯೂ ಕರಾವಳಿಯ ‘ಮೊಕ್ತೇಸರ’ನೂ ಹತ್ತಿರ ಬರುತ್ತಾರಾದರೂ ಈಟನ್ನಿನ ಮೊಕ್ತೇಸರರು ಎಂದು ಬರೆಯಲು ಕೈ ಏಳುವುದಿಲ್ಲ.

ಕೊನೆಯದಾಗಿ ‘ಫಾರಂ’. ಹಿಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಐದನೆಯ ತರಗತಿಯ ನಂತರ ಫಸ್ಟ್ ಫಾರಂ, ಅಲ್ಲಿಂದ ವರ್ಷಕ್ಕೊಂದರಂತೆ ಏರಿ ಸಿಕ್ಸ್ತ್ ಫಾರಂನಲ್ಲಿ ಎಸ್ಸೆಸ್ಸೆಲ್ಸಿ ಎಂಬ ಲೆಕ್ಕವಿತ್ತು. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಶಾಲೆಯಲ್ಲಿ ಫಾರಂ ಎಂಬುದು ವರ್ಷದ ಅಳತೆಯಾಗಿರಲಿಲ್ಲ. ಮುಖ್ಯವಾಗಿ ಲ್ಯಾಟಿನ್-ಗ್ರೀಕ್‌ಗಳಲ್ಲಿ ಎಷ್ಟು ಪಳಗಿದ್ದಾನೆಂಬುದರ ಮೇಲೆ ಹುಡುಗ ಮೇಲೇರುತ್ತಿದ್ದ. ಒಂದೇ ಫಾರಂನಲ್ಲಿ ಬೇರೆಬೇರೆ ವಯಸ್ಸಿನವರು ಕೂಡಿ ಕೂರುತ್ತಿದ್ದರು. ಆರನೆಯ ಫಾರಂ ಮುಟ್ಟದೆಯೇ ಶಾಲೆ ಬಿಟ್ಟವರು ಬಹಳ, ಮುಟ್ಟಿದವರು ಅಲ್ಲೇ ಎರಡು ಮೂರು ವರ್ಷ ಉಳಿಯಬಹುದಿತ್ತು. 1828ರಿಂದ 1842ರವರೆಗೆ ರಗ್ಬಿಯ ಮುಖ್ಯಸ್ಥರಾಗಿದ್ದ ಥಾಮಸ್ ಆರ್ನಲ್ಡ್ ಆ ಫಾರಂಗೆ ತಾವೇ ಪಾಠ ಹೇಳುತ್ತಿದ್ದರು, ಕಿರಿಯರ ಶಿಸ್ತಿನ ಹೊಣೆಯನ್ನೂ ಅದರ ಹುಡುಗರಿಗೆ ವಹಿಸಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಯಾರ ಹೆಸರಿದೆಯೋ ಆ ಜಾರ್ಜ್ ಕಾಟನ್ ರಗ್ಬಿಯಲ್ಲಿ ಇದೇ ಆರ್ನಲ್ಡರ ಕೈಕೆಳಗೆ ಅಧ್ಯಾಪಕರಾಗಿದ್ದವರು. ‘ಆರನೆಯ ತರಗತಿ’ ಎಂದು ಅನುವಾದಿಸಿದರೆ ಹನ್ನೊಂದು ವರ್ಷದ ಬಾಲಕರು ಇಡೀ ಶಾಲೆಯನ್ನು ಆಳಿದಂತಾಗುತ್ತದೆ. ‘ಫಾರಂ’ ಎಂದೇ ಇಟ್ಟರೆ ಕಿರಿಯ ಓದುಗರು ಅರ್ಜಿ ನಮೂನೆ ಎಂದುಕೊಳ್ಳುತ್ತಾರೆ.

ಇದರ ಜತೆಗೆ ನಾಲ್ಕು-ಐದನೆಯ ಫಾರಂಗಳ ಆಸುಪಾಸಿನಲ್ಲಿ ‘ಶೆಲ್’, ‘ರಿಮೂವ್’ ಎಂಬ ಹೆಸರುಗಳೂ ಬರುತ್ತವೆ. ವೆಸ್ಟ್‌ಮಿನ್‌ಸ್ಟರ್ ಶಾಲೆಯ ಕೊಠಡಿಯಲ್ಲಿ ಚಿಪ್ಪಿನಾಕಾರದ ತುದಿಯಲ್ಲಿ ಕೂರುತ್ತಿದ್ದ ತರಗತಿಗೆ ‘ಶೆಲ್’ ಎಂಬ ಹೆಸರು ಬಿದ್ದು ಬೇರೆ ಶಾಲೆಗಳಿಗೂ ಹರಡಿತು. ಇವನ್ನು ಹೆಸರುಗಳೆಂದೇ ಬಿಡುವುದು ಸರಿ. ‘ಫಾರಂ’ಗೆ ಮಾತ್ರ ‘ಪಂಕ್ತಿ’ ಅಥವಾ ‘ಮಣೆ’ಯಂಥ ಪದ ಹೊಂದೀತೇ? ನಮ್ಮ ಹಳೆಯ ಐಗಳ ಮಠಗಳಲ್ಲಿ ವಯಸ್ಸನ್ನು ನೋಡದೆ ಕಲಿಕೆಯ ಮಟ್ಟ ನೋಡಿ ಹುಡುಗರನ್ನು ಕೂರಿಸುತ್ತಿದ್ದ ಗುಂಪಿಗೆ ಏನಾದರೂ ಹೆಸರಿತ್ತೇ? ಮೈಸೂರು, ಧಾರವಾಡ, ಕರಾವಳಿ, ಹೈದರಾಬಾದ್ ಕರ್ನಾಟಕ ಯಾವ ಕಡೆಯ ಬಳಕೆಯಾದರೂ ಸರಿ, ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.