ಪದಚರ್ಚೆ: ‘ಪಾರ್ಸ್ ಮಾಡು’ ಎನ್ನುವ ಕಡೆ ‘ಬಿಡಿಸು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತ) ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಎಕ್ಸ್‌ಎಂಎಲ್ ಕಡತದೊಳಗಿಂದ (ಮಾಹಿತಿಯ ಒಂದೊಂದು ತುಣುಕಿಗೂ ಹಿಂದೆ ಮುಂದೆ ಟ್ಯಾಗ್ ಎಂಬ ಹೆಸರುಚೀಟಿ ಹಚ್ಚಿ ಬರೆದ ಕಡತ) ನಮಗೆ ಬೇಕಾದ್ದನ್ನು ಸ್ಕ್ರಿಪ್ಟ್ ಮೂಲಕ ತೆಗೆದುಕೊಳ್ಳುವ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ಕೆಲಸ ಮಾಡಿ ತೋರಿಸಬಲ್ಲೆ. ಮಾಡಿದ್ದನ್ನು ಏನೆಂದು ಕರೆಯಲಿ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಕಚೇರಿಯಲ್ಲಿ ‘ಪಾರ್ಸ್ ಮಾಡಿ ವ್ಯಾಲ್ಯೂ ತೆಗಿ’ ಅನ್ನುತ್ತೇವೆ, ಅಂದರೆ ಕಡತದ ರಚನೆಯನ್ನು ನಿಯಮದಂತೆ ಓದಿ ಒಳಗಿರುವುದನ್ನು ತೆಗಿ ಎಂದು; ಯಾರಿಗೂ ಅಡ್ಡಿಯಿಲ್ಲ. ಮೊದಲ ಸಲ ಓದುವ ಹುಡುಗಿಗೆ ಆ ‘ಪಾರ್ಸ್’ ಬರೀ ಸದ್ದು. ಹಾಗಾಗಿ ಕೇಳುತ್ತಿದ್ದೇನೆ.

ನನ್ನ ಕೈಯಲ್ಲಿರುವ ಉದಾಹರಣೆ ಇದು. ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿ 1998ರಲ್ಲಿ ಬಂದಾಗಲೇ ಟ್ಯಾಗ್‌ಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲೂ ಇಡಲು ಅವಕಾಶ ಕೊಟ್ಟಿತ್ತು. ಈ ಅವಕಾಶವನ್ನು ಬಳಸಿಕೊಂಡವರು ಕಡಿಮೆ. ನಾನು ನನ್ನ ಪದಪಟ್ಟಿಗೆ ಬಳಸಿದ್ದೇನೆ. ಒಂದು ನಮೂದು ಹೀಗಿದೆ, ಎಲ್ಲವೂ ಒಂದೇ ಸಾಲಿನಲ್ಲಿ:

<ನಮೂದು ಸಂಖ್ಯೆ="12"><ಪದ>ಬಿಡಿಸು</ಪದ><ಅರ್ಥ>ಕಟ್ಟು ಸಡಿಲಿಸು</ಅರ್ಥ><ಅರ್ಥ>ಬೇರೆ ಮಾಡು</ಅರ್ಥ><ಅರ್ಥ>ಚಿತ್ರ ಬರೆ</ಅರ್ಥ></ನಮೂದು>

ಇದರಿಂದ ಅರ್ಥಗಳನ್ನು ತೆಗೆಯಲು ಮೊದಲು ಸೆಡ್ ಬಳಸಿದೆ. ಸಾಲಿನಲ್ಲಿ ಒಂದು ವಿನ್ಯಾಸವನ್ನು ಹುಡುಕಿ ಬದಲಿಸುವ ಸಾಧನ ಅದು. ‘ಅರ್ಥ’ ಎಂಬ ಟ್ಯಾಗಿಗಿಂತ ಮೊದಲು ಇರುವುದೆಲ್ಲ ಹೋಗಲಿ, ಅದು ಮುಗಿದ ಮೇಲೆ ಇರುವುದೂ ಹೋಗಲಿ, ನಡುವಿನದು ಉಳಿಯಲಿ ಎಂದು ಎಲ್ಲರೂ ಬರೆಯುವ ವಿನ್ಯಾಸವನ್ನೇ ಬರೆದೆ. ಉಳಿದದ್ದು ‘ಚಿತ್ರ ಬರೆ’ ಒಂದೇ. ವಿನ್ಯಾಸದಲ್ಲಿ ‘ಇಲ್ಲಿ ಏನಿದ್ದರೂ ಸರಿ’ ಎಂದು ಹೇಳುವ, ಚುಕ್ಕಿ ಮತ್ತು ನಕ್ಷತ್ರ ಸೇರಿದ ಗುರುತು ಆದಷ್ಟು ಹೆಚ್ಚು ನುಂಗುತ್ತದೆ. ಮೊದಲ ಎರಡು ಅರ್ಥಗಳು ಅದರ ಹೊಟ್ಟೆಗೆ ಹೋದವು. ಆಮೇಲೆ ಎಕ್ಸ್‌ಎಂಎಲ್‌ಲಿಂಟ್‌ಗೆ (ಎಕ್ಸ್‌ಎಂಎಲ್ ನಿಯಮ ತಿಳಿದು ಓದುವ ಸಾಧನ) ಎಕ್ಸ್‌ಪಾತ್ (ಕಡತದ ಯಾವ ಭಾಗ ಬೇಕೆಂದು ಹೇಳುವ ವಿಳಾಸ) ಕೊಟ್ಟು, ಬರಹವನ್ನಷ್ಟೇ ಕೊಡುವ ಸ್ಟ್ರಿಂಗ್ ಫಂಕ್ಷನ್ನಿನೊಳಗೆ //ಅರ್ಥ, ಅಂದರೆ ‘ಅರ್ಥ’ ಟ್ಯಾಗ್ ಎಲ್ಲಿದ್ದರೂ ಸರಿ, ಎಂದು ಹಾಕಿದೆ. ಈಗ ಬಂದದ್ದು ‘ಕಟ್ಟು ಸಡಿಲಿಸು’ ಮಾತ್ರ. ಎಕ್ಸ್‌ಪಾತ್‌ನ ಮೊದಲ ಆವೃತ್ತಿಯಲ್ಲಿ ಆ ಫಂಕ್ಷನ್ ಎಷ್ಟೇ ಅರ್ಥಗಳು ಸಿಕ್ಕರೂ ಕಡತದಲ್ಲಿ ಮೊದಲು ಬರುವುದನ್ನಷ್ಟೇ ಕೊಡುತ್ತದೆ. ಒಂದು ಸಾಧನ ಕೊನೆಯದನ್ನು ಕೊಟ್ಟಿತು, ಇನ್ನೊಂದು ಮೊದಲಿನದನ್ನು. ಎರಡೂ ‘ವ್ಯಾಲ್ಯೂ ತೆಗೆದವು’. ಆದರೆ ಎರಡೂ ಮಾಡಿದ್ದು ಒಂದೇ ಕೆಲಸ ಅಲ್ಲ, ಮತ್ತು ಈ ವ್ಯತ್ಯಾಸವನ್ನು ಹೇಳಲು ನನಗೆ ಎರಡು ಕ್ರಿಯಾಪದಗಳು ಬೇಕು.

ಗ್ರೆಪ್ (ಕೇಳಿದ ಪದವಿರುವ ಸಾಲುಗಳನ್ನು ಹುಡುಕಿಕೊಡುವ ಸಾಧನ), ಸೆಡ್ ಮಾಡುವ ಕೆಲಸಕ್ಕೆ ‘ಹೆಕ್ಕು’ ಸರಿಹೊಂದುತ್ತದೆ ಅನ್ನಿಸುತ್ತದೆ. ಮಲೆನಾಡು, ಕರಾವಳಿಯಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಾರೆ, ಗೇರುಬೀಜ ಹೆಕ್ಕುತ್ತಾರೆ. ನೆಲದ ಮೇಲೆ ಕಣ್ಣಿಗೆ ಬಿದ್ದದ್ದು ಬುಟ್ಟಿಗೆ. ಅದು ಯಾವ ಮರದ್ದು, ಯಾವ ಗೊನೆಯದ್ದು ಎಂದು ಹೆಕ್ಕುವವರು ನೋಡುವುದಿಲ್ಲ. ಗ್ರೆಪ್ ಕೂಡ ಹಾಗೆಯೇ ಸಾಲಿನ ಮೇಲೆ ಕಣ್ಣಾಡಿಸುತ್ತದೆ. ಟಿಪ್ಪಣಿಯ ಗುರುತಿನೊಳಗೆ ಮುಚ್ಚಿಟ್ಟ ಹಳೆಯ ನಮೂದನ್ನೂ ಅದು ಹೆಕ್ಕಿ ತರುತ್ತದೆ. ಇದೇ ನಮೂದನ್ನು ಯಾರಾದರೂ ನಾಲ್ಕು ಸಾಲಿಗೆ ಮುರಿದು ಬರೆದರೆ, ಜೋಡಿ ಉದ್ಧರಣ ಚಿಹ್ನೆಯ ಬದಲು ಒಂಟಿ ಚಿಹ್ನೆ ಹಾಕಿದರೆ ಎಕ್ಸ್‌ಎಂಎಲ್ ಲೆಕ್ಕದಲ್ಲಿ ಪದ, ಅರ್ಥಗಳು ಅವೇ ಇರುತ್ತವೆ, ಆದರೆ ಹೆಕ್ಕುವ ಸ್ಕ್ರಿಪ್ಟಿಗೆ ದಾರಿ ತಪ್ಪುತ್ತದೆ.

ಕನ್ನಡದವರಿಗೆ ಇದು ಇನ್ನೂ ಹತ್ತಿರದ ತೊಂದರೆ. ಹಳೆಯ ಕಡತಗಳಲ್ಲಿ ‘ಕನ್ನಡ’ ಎಂಬ ಪದ ಹೀಗೂ ಇರಬಹುದು:

&#3221;&#3240;&#3277;&#3240;&#3233;

ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ (ವಿರಾಮ), ನ, ಡ. ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಗೊತ್ತುಮಾಡಿರುವ ಯುನಿಕೋಡ್ ಸಂಖ್ಯೆ. ಈ ಕಡತದಲ್ಲಿ ‘ಕನ್ನಡ’ ಎಂದು ಗ್ರೆಪ್ ಮಾಡಿದರೆ ಒಂದೂ ಸಾಲು ಸಿಗದು. ಎಕ್ಸ್‌ಎಂಎಲ್‌ಲಿಂಟ್ ಅದನ್ನು ಓದಿ, ಐದೂ ಸಂಖ್ಯೆಗಳನ್ನು ಅಕ್ಷರ ಮಾಡಿ, ‘ಕನ್ನಡ’ ಎಂದೇ ಕೊಡುತ್ತದೆ. ಇದನ್ನು ಹೆಕ್ಕುವುದು ಎಂದರೆ ಮಾತು ಸೋಲುತ್ತದೆ.

ಆ ಎರಡನೆಯ ಕೆಲಸಕ್ಕೆ ನಾನು ಆರಿಸಿಕೊಂಡಿರುವ ಪದ ‘ಬಿಡಿಸು’. ಕಾರಣ ಹೇಳುತ್ತೇನೆ. ಪಾರ್ಸ್ ಎಂಬ ಇಂಗ್ಲಿಷ್ ಪದ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ‘ಭಾಗ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ವಾಕ್ಯದಲ್ಲಿ ಇದು ನಾಮಪದ, ಇದು ಕ್ರಿಯಾಪದ ಎಂದು ಶಾಲೆಯಲ್ಲಿ ಮಕ್ಕಳು ಬೇರ್ಪಡಿಸಿ ಹೇಳುತ್ತಿದ್ದ ವ್ಯಾಕರಣ ಪಾಠದ ಪದ. ನಮ್ಮ ವ್ಯಾಕರಣದ ತರಗತಿಯಲ್ಲಿ ಆ ಜಾಗದಲ್ಲಿ ಕೂತಿರುವ ಪದ ಯಾವುದು? ‘ಬಿಡಿಸಿ ಬರೆದು ಸಂಧಿ ಹೆಸರಿಸಿ.’ ಕನ್ನಡ ಮಾಧ್ಯಮದಲ್ಲಿ ಓದಿದ ಯಾರಿಗೂ ಈ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ‘ಊರೂರು’ ಎಂಬುದನ್ನು ‘ಊರು’, ‘ಊರು’ ಎಂದು ಬಿಡಿಸುವಾಗ ಅಕ್ಷರ ಎಣಿಸಿ ಕತ್ತರಿಸಿದರೆ ಆಗದು, ಕೂಡುವಾಗ ಲೋಪವಾದ ಉಕಾರ ಗೊತ್ತಿರಬೇಕು. ಎಕ್ಸ್‌ಎಂಎಲ್ ಬಿಡಿಸುವ ಸಾಧನಕ್ಕೂ ಅಂಥದೇ ನಿಯಮಜ್ಞಾನ ಇರುತ್ತದೆ, ಸೆಡ್‌ಗೆ ಇರುವುದಿಲ್ಲ.

ಇನ್ನೊಂದು ಚಿತ್ರ ಉತ್ತರ ಕರ್ನಾಟಕದ ಹೊಲದ್ದು. ಹತ್ತಿ ಬಿಡಿಸುವವರ ಕೈ ನೋಡಿ. ಒಡೆದ ಕಾಯಿಯ ಹೋಳುಗಳ ನಡುವೆ ಬೆರಳಿಟ್ಟು ಅರಳೆಯನ್ನಷ್ಟೇ ಎಳೆಯುತ್ತಾರೆ. ಸಿಪ್ಪೆ ಗಿಡದಲ್ಲೇ ಉಳಿಯುತ್ತದೆ. ಟ್ಯಾಗ್ ಅಲ್ಲೇ ಉಳಿದು ಒಳಗಿನದು ಮಾತ್ರ ಕೈಗೆ ಬರುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕ್ರಿಯಾಪದ ನನಗೆ ಸಿಕ್ಕಿಲ್ಲ. ಹಲಸಿನ ತೊಳೆ ಬಿಡಿಸುವುದೂ ಇದೇ ಜಾತಿಗೆ ಸೇರುತ್ತದೆ.

ಬೇರೆಯವು ಯಾಕೆ ಬೇಡ ಅನ್ನಿಸಿತು ಎಂದರೆ: ‘ಹೊರತೆಗೆ’ಯನ್ನು ಜಿಪ್ ಕಡತ ತೆರೆಯುವುದಕ್ಕೆ ಈಗಾಗಲೇ ಬಳಸುತ್ತಿದ್ದೇವೆ, ಅದು ಅಲ್ಲೇ ಇರಲಿ. ‘ವಿಶ್ಲೇಷಿಸು’ ಅಂದರೆ ಅಂಕಿಅಂಶ ಹಿಡಿದು ತೀರ್ಮಾನಕ್ಕೆ ಬರುವುದು, ಇಲ್ಲಿ ತೀರ್ಮಾನವೇನೂ ಇಲ್ಲ. ‘ಸೋಸು’ ಫಿಲ್ಟರ್‌ಗೆ ಬೇಕು.

ಆಕ್ಷೇಪಣೆ ನನಗೂ ಗೊತ್ತು. ಬಿಡಿಸು ಎಂದರೆ ಚಿತ್ರ ಬಿಡಿಸುವುದೂ ಹೌದು, ಜೈಲಿನಿಂದ ಬಿಡಿಸುವುದೂ ಹೌದು, ಕುಡಿತ ಬಿಡಿಸುವುದೂ ಹೌದು. ಆದರೆ ‘ಕಡತ ಬಿಡಿಸು’ ಎಂದಾಗ ಇವು ಯಾವುವೂ ಅಡ್ಡ ಬರುವುದಿಲ್ಲ ಎಂದು ನನ್ನ ನಂಬಿಕೆ. ‘ಕಡತ’ದ ಕತೆಯನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಅದು ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯ ಮಡಿಕೆ ಪುಸ್ತಕ. ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದದ್ದು. ಅಲ್ಲಿಂದ ಸರ್ಕಾರಿ ಕಚೇರಿಯ ಫೈಲಿಗೆ ಬಂತು, ಅಲ್ಲಿಂದ ಕಂಪ್ಯೂಟರಿಗೆ. ಯಾರೂ ಗೊಂದಲಪಡಲಿಲ್ಲ.

ಈಗ ನನಗೆ ನಿಜವಾಗಿ ನೆರವು ಬೇಕಾದ ಎರಡು ಜಾಗಗಳು.

ಒಂದು, ವ್ಯಾಲ್ಯೂ. ಅನುವಾದಗಳಲ್ಲಿ ‘ಮೌಲ್ಯ’ ಓಡಾಡುತ್ತಿದೆ. ನನ್ನ ಕಿವಿಗೆ ಮೌಲ್ಯ ಅಂದರೆ ನೀತಿಪಾಠ, ಇಲ್ಲವೇ ಉತ್ತರಪತ್ರಿಕೆಯ ಮೌಲ್ಯಮಾಪನ. ಗಣಿತದ ಪುಸ್ತಕದಲ್ಲಿ ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಎಂದೇ ಕಲಿತವರು ನಾವು; ‘ಸ್ಥಾನಬೆಲೆ’ ಪ್ರಾಥಮಿಕ ಶಾಲೆಯ ಪದ. ಅದಕ್ಕೇ ‘ಬೆಲೆ’ ಎಂದು ಬರೆದುಕೊಂಡು ಹೋದೆ. ಮುಂದಿನ ಪುಟದ ಅಭ್ಯಾಸದಲ್ಲಿ ಅಂಗಡಿಯ ದರಪಟ್ಟಿಯ ಕಡತ ಬಂತು, ಅದರಲ್ಲಿ <ಬೆಲೆ>45</ಬೆಲೆ> ಎಂಬ ಸಾಲು. ‘ಬೆಲೆಯ ಬೆಲೆಯನ್ನು ಬಿಡಿಸಿ’ ಎಂದು ಬರೆಯಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ಆ ಟ್ಯಾಗನ್ನು ‘ದರ’ ಎಂದು ಬದಲಿಸಿದ್ದೇನೆ, ಆದರೆ ಅದು ನನ್ನ ಉದಾಹರಣೆಯನ್ನು ಉಳಿಸಿತೇ ಹೊರತು ಪದದ ಪ್ರಶ್ನೆಯನ್ನು ಬಗೆಹರಿಸಲಿಲ್ಲ. ‘ಒಳಬರಹ’ ಎಂದರೆ ಹೇಗೆ? ಟ್ಯಾಗಿನ ನಡುವಿನದಕ್ಕೆ ಸರಿ, ಆದರೆ ಸಂಖ್ಯೆ="12" ಎಂಬಲ್ಲಿನ 12ಕ್ಕೆ ಒಪ್ಪುತ್ತದೆಯೇ?

ಎರಡು, ಪಾರ್ಸರ್. ಬಿಡಿಸು ಒಪ್ಪಿದರೆ ಬಿಡಿಸುವ ಸಾಧನಕ್ಕೆ ಹೆಸರು ಬೇಕು. ‘ಓದುಗ’, ‘ಕೇಳುಗ’ದ ದಾರಿಯಲ್ಲಿ ‘ಬಿಡಿಸುಗ’ ಎಂದರೆ ಮನುಷ್ಯರ ನೆನಪಾಗುತ್ತದೆ. ಬೀಸುವುದರಿಂದ ಬೀಸಣಿಗೆ, ಬಾಚುವುದರಿಂದ ಬಾಚಣಿಗೆ ಆಗಿರುವಾಗ ‘ಬಿಡಿಸಣಿಗೆ’ ಎಂದರೆ? ನನಗೆ ಹಿಡಿಸಿದೆ. ಆದರೆ ಬರವಣಿಗೆ, ಮೆರವಣಿಗೆಗಳಲ್ಲಿ ಅದೇ ಪ್ರತ್ಯಯ ಸಾಧನವನ್ನಲ್ಲ, ಕೆಲಸವನ್ನು ಹೇಳುತ್ತದೆ. ವ್ಯಾಕರಣ ಬಲ್ಲವರು ಇದರ ಬಗ್ಗೆ ಬರೆಯಬೇಕು.

ಶೆಲ್, ಗ್ರೆಪ್, ಸೆಡ್, ಟ್ಯಾಗ್ ಇವನ್ನು ಹಾಗೆಯೇ ಬಿಡುತ್ತಿದ್ದೇನೆ. ಹೆಸರುಗಳನ್ನು ಅನುವಾದಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಕ್ರಿಯಾಪದಗಳು ಮಾತ್ರ ನಮ್ಮವೇ ಇರಬೇಕು ಎಂಬ ಆಸೆ. ಹತ್ತಿ ಬೆಳೆಯುವ ಕಡೆಯವರು ಯಾರಾದರೂ ಇದ್ದರೆ ಒಂದು ವಿಷಯ ತಿಳಿಸಿ: ಹೊಲದಲ್ಲಿ ಅರಳೆಗೆ ‘ಬಿಡಿಸು’, ಇಡೀ ಕಾಯಿಗೆ ‘ಕೀಳು’ ಎಂಬ ವ್ಯತ್ಯಾಸ ನಿಮ್ಮ ಮನೆಮಾತಿನಲ್ಲಿ ಈಗಲೂ ಇದೆಯೇ? ಇದ್ದರೆ ಕೈಪಿಡಿಯಲ್ಲಿ ಟ್ಯಾಗ್ ಸಮೇತ ತೆಗೆಯುವುದಕ್ಕೆ ಆ ಇನ್ನೊಂದು ಪದವನ್ನೂ ಬಳಸಿಕೊಳ್ಳುತ್ತೇನೆ.