ಪದಚರ್ಚೆ: ಆಲ್ಟರ್ನೇಟರ್, ಬ್ಯಾಟರಿ ಚಾರ್ಜಿಂಗ್ ಪರೀಕ್ಷೆಗೆ ಕನ್ನಡ ಬೇಕು (ನಾಳೆಯೊಳಗೆ)

ಮಾನ್ಯರೇ,

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನ ಸೋದರಮಾವನವರ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕಲ್ಲವೇ, ಹೊಸ ಬೋರ್ಡ್ ಬರೆಸುತ್ತಿದ್ದೇವೆ. ಬರೆಯುವವರು ನಾಳೆ ಬೆಳಿಗ್ಗೆಯೇ ಬರುತ್ತಾರೆ. ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ‘ಪರ್ಯಾಯಕ’, ಚಾರ್ಜಿಂಗ್‌ಗೆ ‘ಆವೇಶನ’ ಎಂದು ಬರೆದುಕೊಟ್ಟೆ. ಮಾವ ಒಪ್ಪಲಿಲ್ಲ. ಆವೇಶವೆಂದರೆ ಅವರಿಗೆ ಮೈಮೇಲೆ ದೇವರು ಬರುವುದು. ಆಲ್ಟರ್ನೇಟರನ್ನು ಕೆಲಸಗಾರರು ‘ಡೈನಮೋ’ ಎನ್ನುತ್ತಾರೆ. ಹಾಗೆಯೇ ಬರೆಸಬಹುದೇ?

ಉತ್ತರ 1

‘ಡೈನಮೋ’ ತಪ್ಪು. ಡೈನಮೋದಿಂದ ಕಮ್ಯುಟೇಟರ್ ಎಂಬ ಸುತ್ತುವ ಭಾಗದ ಮೂಲಕ ನೇರ ವಿದ್ಯುತ್ತೇ (ಡಿ.ಸಿ.) ಹೊರಬರುತ್ತದೆ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಪರ್ಯಾಯ ವಿದ್ಯುತ್ (ಎ.ಸಿ.); ಅದನ್ನು, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡುಗಳು ನೇರವಾಗಿಸಿ ಬ್ಯಾಟರಿಗೆ ಕೊಡುತ್ತವೆ. ‘ಆವೇಶನ’ವೂ ಬೇಡ, ಅದು ಸಂಸ್ಕೃತದ ಹೊರೆ. ಉಣ್ಣು, ಊಡು ನಮ್ಮವೇ. ‘ನೀರೂಡಿಕೆ’ ಇರುವಾಗ ‘ಮಿಂಚೂಡಿಕೆ’ ಏಕಾಗಬಾರದು? ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದು ಶೇ. 60 ತುಂಬಿಸುವುದನ್ನು ನಾನು ಕನ್ನಡವೆಂದು ಎಣಿಸುವುದಿಲ್ಲ.

ಉತ್ತರ 2

ಡೈನಮೋ ಕುರಿತ ಮಾತು ಸರಿ. ‘ಮಿಂಚೂಡಿಕೆ’ ಸಲ್ಲದು. ಕಾರು ಕೆಟ್ಟು ಹೆದ್ದಾರಿಯ ಬದಿ ನಿಂತವನು ದೂರದಿಂದಲೇ ಓದಿ ತಿಳಿಯಬೇಕಾದ ಬೋರ್ಡ್ ಅದು. ‘ನೀರೂಡಿಕೆ’ಯೂ ಪುಸ್ತಕದ ಮಾತು, ನಮ್ಮ ಚಿತ್ರದುರ್ಗದ ಕಡೆ ತೋಟಕ್ಕೆ ನೀರು ಹಾಯಿಸುತ್ತಾರೆ.

ನಾಮಪದ ಹುಡುಕುತ್ತಾ ನೀವಿಬ್ಬರೂ ಕ್ರಿಯಾಪದವನ್ನು ಮರೆತಿದ್ದೀರಿ. ಕಳೆದ ತಿಂಗಳು ನನ್ನ ಕಾರು ತೊಂದರೆ ಕೊಟ್ಟಾಗ ಮೆಕ್ಯಾನಿಕ್ ಕೇಳಿದ ಮೊದಲ ಪ್ರಶ್ನೆ: ‘ಚಾರ್ಜ್ ಏರುತ್ತಿಲ್ಲವೋ, ನಿಲ್ಲುತ್ತಿಲ್ಲವೋ, ಇಳಿಯುತ್ತಿದೆಯೋ?’ ಮೂರೂ ಬೇರೆ ಬೇರೆ ರೋಗ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ. ಎಂಜಿನ್ ಓಡುವಾಗ ಅದು ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ನನ್ನದು ಎಂಜಿನ್ ಓಡುವಾಗಲೂ 12.3ರಲ್ಲೇ ನಿಂತಿತ್ತು, ಹೆಡ್‌ಲೈಟ್ ಹಾಕಿದೊಡನೆ 11.9ಕ್ಕೆ ಕುಸಿಯಿತು. ‘ಏರುತ್ತಿಲ್ಲ’ ಎಂದವನೇ ಆಲ್ಟರ್ನೇಟರ್ ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬಿಗಿಯಾಗಿತ್ತು. ಆಲ್ಟರ್ನೇಟರ್ ಇಳಿಸಿ, ಹಿಂಬದಿಯ ಕಾರ್ಬನ್ (ಒಳಗೆ ಸುತ್ತುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಎರಡು ತುಂಡು) ತೆಗೆದು ನನ್ನ ಅಂಗೈಯಲ್ಲಿಟ್ಟ. ಎರಡೂ ಸವೆದು ಕಡಲೆಬೇಳೆಯಷ್ಟೇ ಉಳಿದಿದ್ದವು. ಹಾಗಲ್ಲದೆ ಎಂಜಿನ್ ಓಡುವಾಗ 14.2 ಬಂದು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗದಿದ್ದರೆ, ಅದು ‘ನಿಲ್ಲುತ್ತಿಲ್ಲ’; ಬ್ಯಾಟರಿಯನ್ನೇ ಮೊದಲು ಅನುಮಾನಿಸಬೇಕು. ಬ್ಯಾಟರಿ ಚೆನ್ನಾಗಿದ್ದು, ಬೀಗ ಹಾಕಿ ನಿಲ್ಲಿಸಿದ ಕಾರಿನೊಳಗೆ ದೀಪವೋ ಸ್ಟೀರಿಯೋವೋ ಕರೆಂಟ್ ಎಳೆಯುತ್ತಿದ್ದರೆ ‘ಇಳಿಯುತ್ತಿದೆ’.

ಇಂಗ್ಲಿಷಿನಿಂದ ಬಂದದ್ದು ‘ಚಾರ್ಜ್’ ಒಂದೇ. ರೋಗವನ್ನು ಬಿಡಿಸಿ ಹೇಳುತ್ತಿರುವುದು ಏರು, ನಿಲ್ಲು, ಇಳಿ. ‘ಏರು’ ಹಳಗನ್ನಡದ ‘ಏಱು’. ಬಾವಿಯಿಂದ ನೀರೆತ್ತುವ ‘ಏತ’ವೂ ಇದೇ ಬೇರಿನದು. ತಮಿಳಿನ ‘ಏಟ್ರಂ’ ಪಕ್ಕಕ್ಕಿಟ್ಟು ನೋಡಿ, ತಿಳಿಯುತ್ತದೆ. ಏತದಿಂದ ನೀರು ಏರಿದಂತೆ ಆಲ್ಟರ್ನೇಟರಿನಿಂದ ಚಾರ್ಜ್ ಏರುತ್ತದೆ. ಇದನ್ನು ಕಟ್ಟಿದವರು ಪಂಡಿತರಲ್ಲ, ಗ್ರೀಸ್ ಮೆತ್ತಿದ ಕೈಗಳವರು. ಅವರ ಮಾತನ್ನು ಕನ್ನಡವಲ್ಲ ಎನ್ನುವ ಅಧಿಕಾರ ನಮಗಿಲ್ಲ.

ಬೋರ್ಡಿಗೆ ಹೀಗೆ ಬರೆಸಿ:

‘ಬ್ಯಾಟರಿಗೆ ಚಾರ್ಜ್ ಏರುತ್ತಿಲ್ಲವೇ? ಆಲ್ಟರ್ನೇಟರ್, ಬ್ಯಾಟರಿ ಇಲ್ಲಿ ಪರೀಕ್ಷಿಸುತ್ತೇವೆ.’

ಉತ್ತರ 1 ಬರೆದವರಿಂದ

‘ಏತ’ದ ವ್ಯುತ್ಪತ್ತಿ ಒಪ್ಪಿದೆ. ‘ಚಾರ್ಜ್’ ಒಪ್ಪಲಾರೆ. ‘ಪರೀಕ್ಷಿಸುತ್ತೇವೆ’ ಏಕೆ? ‘ನೋಡಿಕೊಡುತ್ತೇವೆ’ ಎಂದರೆ ಸಾಲದೇ?

ಪ್ರಶ್ನೆ ಕೇಳಿದವರಿಂದ

ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಚಾರ್ಜ್ ಏರುತ್ತಿಲ್ಲವೇ’ ಉಳಿಯಿತು, ‘ನೋಡಿಕೊಡುತ್ತೇವೆ’ಯೂ ಉಳಿಯಿತು. ಬರೆಯುವವರು ‘ಆಲ್ಟರ್ನೇಟರ್’ನ ಅರ್ಕಾವತ್ತನ್ನು ಬಿಟ್ಟುಬಿಡದಂತೆ ಕಾಗದದ ಮೇಲೆ ದಪ್ಪಗೆ ಬರೆದು ಈಗಲೇ ಕೊಟ್ಟುಬರುತ್ತೇನೆ.